ಮಿಸೆಸ್ ಬೆನೆಟ್ ನಮ್ಮಮ್ಮನ ಹಾಗೆ ಕಂಡರೆ, ನಾನು ಓದಿದ್ದು ತಪ್ಪೇ?

ಪ್ರಶ್ನೆ: ಮೇಡಂ, ನನಗೆ 27 ವರ್ಷ. ಮನೆ ಉಡುಪಿ ಹತ್ತಿರ, ಕೆಲಸ ಮಂಗಳೂರಿನಲ್ಲಿ. ನಾವು ಎಂಟು ಜನ ಗೆಳತಿಯರು ತಿಂಗಳಿಗೊಮ್ಮೆ ಸೇರಿ ಒಂದು ಪುಸ್ತಕದ ಬಗ್ಗೆ ಮಾತಾಡುತ್ತೇವೆ. ಈ ಸಲ ಜೇನ್ ಆಸ್ಟಿನ್ ಅವರ ಇಂಗ್ಲಿಷ್ ಕಾದಂಬರಿ 'ಪ್ರೈಡ್ ಆಂಡ್ ಪ್ರೆಜುಡಿಸ್' ಓದಿದೆವು. ಹಣವಂತ ಬ್ರಹ್ಮಚಾರಿಗೆ ಹೆಂಡತಿ ಬೇಕೇ ಬೇಕು ಎನ್ನುವ ಅದರ ಮೊದಲ ವಾಕ್ಯದಲ್ಲೇ ಐರನಿ, ಅಂದರೆ ವ್ಯಂಗ್ಯ, ಉಂಟು ಎಂದು ಎಲ್ಲರೂ ಹೇಳಿದರು. ನನಗೆ ಅದು ನೇರ ಸತ್ಯದ ಹಾಗೆಯೇ ಕಂಡಿತು. ನಮ್ಮ ಊರಿಗೆ ದುಬೈಯಿಂದ ಒಬ್ಬ ಹುಡುಗ ಒಂದು ತಿಂಗಳ ರಜೆಗೆ ಬಂದರೆ ಹೀಗೇ ಅಲ್ವಾ ಆಗುವುದು? ಕಥೆಯಲ್ಲಿ ಐದು ಹೆಣ್ಣುಮಕ್ಕಳ ತಾಯಿ ಮಿಸೆಸ್ ಬೆನೆಟ್ ಬಂದಾಗೆಲ್ಲ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನನ್ನ ಜಾತಕ, ಫೋಟೊ ಹಿಡಿದುಕೊಂಡು ನಮ್ಮಮ್ಮ ಎರಡು ವರ್ಷದಿಂದ ಓಡಾಡುತ್ತಿದ್ದಾರೆ. ನಾಯಕಿಯ ಗೆಳತಿ ಶಾರ್ಲೆಟ್ ಪ್ರೀತಿ ಇಲ್ಲದ ಮದುವೆಗೆ ಒಪ್ಪಿ ತನ್ನನ್ನು ಮಾರಿಕೊಂಡಳು ಎಂದರು ಗೆಳತಿಯರು. ನನಗೆ ಅವಳು ಮಾಡಿದ್ದು ಸರಿ ಅನ್ನಿಸಿತು. ಕೊನೆಗೆ ಒಬ್ಬಳು "ನಿನಗೆ ಐರನಿ ಅರ್ಥ ಆಗುವುದಿಲ್ಲ" ಎಂದುಬಿಟ್ಟಳು. ನಾನು ಓದಿದ್ದು ತಪ್ಪೇ? ಈ ಲೇಖಕಿ ನಮ್ಮಂಥವರನ್ನು ನೋಡಿ ನಗುತ್ತಿದ್ದಾರಾ? ಇನ್ನೊಮ್ಮೆ ಓದಬೇಕು ಅಂತ ಇದ್ದೇನೆ. ಮೊದಲು ಸಿನಿಮಾ ನೋಡುವುದಾ, ಟಿಪ್ಪಣಿ ಇರುವ ಪ್ರತಿ ತೆಗೆದುಕೊಳ್ಳುವುದಾ?

ಉತ್ತರ: ನೀವು ಓದಿದ್ದು ತಪ್ಪಲ್ಲ. ನಿಮ್ಮ ಸಮಾಧಾನಕ್ಕೆಂದು ಹೇಳುತ್ತಿಲ್ಲ. ಉಡುಪಿಯಲ್ಲಿ 30 ವರ್ಷ ಇಂಗ್ಲಿಷ್ ಸಾಹಿತ್ಯ ಪಾಠ ಮಾಡಿದವಳು ನಾನು. ಈ ಕಾದಂಬರಿಯನ್ನು ಕಲಿಸಿದ ಪ್ರತಿ ಬ್ಯಾಚಿನಲ್ಲೂ ನಿಮ್ಮಂಥ ಒಬ್ಬಿಬ್ಬರು ಇರುತ್ತಿದ್ದರು. ಕ್ಲಾಸೆಲ್ಲ ನಗುವಾಗ ಸುಮ್ನೆ ಕೂತಿರುತ್ತಿದ್ದರು. ಆಮೇಲೆ ಸ್ಟಾಫ್ ರೂಮಿನ ಬಾಗಿಲಿಗೆ ಬಂದು, "ಮೇಡಂ, ಆ ಅಮ್ಮನದ್ದು ಏನು ತಪ್ಪು?" ಎಂದು ಮೆಲ್ಲಗೆ ಕೇಳುತ್ತಿದ್ದರು. ಮೊದಲ ಕೆಲವು ವರ್ಷ ನಾನೂ ಅವರಿಗೆ, "ಅದು ಐರನಿ, ಇನ್ನೊಮ್ಮೆ ಓದು" ಎಂದು ಹೇಳಿ ಕಳಿಸಿದ್ದುಂಟು. ಹಾಗೆ ಕಳಿಸಿದ್ದಕ್ಕೆ ಈಗ ಬೇಸರವಿದೆ. ಪುಸ್ತಕದ ಹೃದಯಕ್ಕೆ ಹತ್ತಿರ ಹೋದವರು ಅವರೇ ಆಗಿದ್ದರು.

ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿವೆ, ಆದರೆ ನೋವು ಒಂದೇ. ಐರನಿ ಅಂದರೆ ಗೇಲಿ, ಗೇಲಿಗೆ ಸಿಕ್ಕವರ ಸಾಲಿನಲ್ಲಿ ನಮ್ಮಮ್ಮನೂ ಇದ್ದಾರೆ, ನಾನೂ ಇದ್ದೇನೆ ಎಂಬ ನೋವು. ಹಾಗಾಗಿ ಆ ಮೊದಲ ವಾಕ್ಯವನ್ನೇ ಕೈಗೆತ್ತಿಕೊಳ್ಳೋಣ.

ಅದನ್ನು ಕನ್ನಡಕ್ಕೆ ತಂದರೆ ಸುಮಾರು ಹೀಗಾಗುತ್ತದೆ: ಒಳ್ಳೆ ಆಸ್ತಿಪಾಸ್ತಿ ಇರುವ, ಮದುವೆಯಾಗದ ಗಂಡಸಿಗೆ ಹೆಂಡತಿಯ ಕೊರತೆ ಇರಲೇಬೇಕು ಎಂಬುದು ಲೋಕವೆಲ್ಲ ಒಪ್ಪಿದ ಸತ್ಯ. ಇದನ್ನು ಎಲ್ಲರೂ ಬಾಯಿಪಾಠ ಮಾಡಿಕೊಂಡಿದ್ದಾರೆ. ಎರಡನೇ ವಾಕ್ಯವನ್ನು ಮಾತ್ರ ಓದದೆ ದಾಟಿಬಿಡುತ್ತಾರೆ. ಅದರ ತಾತ್ಪರ್ಯ ಇದು. ಅಂಥ ಗಂಡಸು ಹೊಸದಾಗಿ ಒಂದು ಊರಿಗೆ ಬಂದಾಗ ಅವನ ಮನಸ್ಸಿನಲ್ಲಿ ಏನಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಆದರೂ ಸುತ್ತಲಿನ ಮನೆಯವರ ತಲೆಯಲ್ಲಿ ಈ ಸತ್ಯ ಎಷ್ಟು ಗಟ್ಟಿಯಾಗಿ ಕೂತಿರುತ್ತದೆ ಎಂದರೆ, ಅವನು ತಮ್ಮ ತಮ್ಮ ಹೆಣ್ಣುಮಕ್ಕಳಲ್ಲಿ ಯಾರೋ ಒಬ್ಬಳ ಹಕ್ಕಿನ ಸೊತ್ತು ಎಂದೇ ಅವರು ತಿಳಿಯುತ್ತಾರೆ.

ನೋಡಿ, ಈಗ ಚಿತ್ರ ತಿರುಗಿತು. ಮೊದಲ ವಾಕ್ಯದಲ್ಲಿ ಕೊರತೆ ಗಂಡಿನದ್ದು. ಎರಡನೆಯದರಲ್ಲಿ ಕೊರತೆ ಹೆಣ್ಣುಮಕ್ಕಳಿರುವ ಮನೆಯವರದ್ದು ಎಂದು ಗೊತ್ತಾಗುತ್ತದೆ. ಗಂಡಿಗೆ ಹೆಂಡತಿ ಬೇಕೋ ಬೇಡವೋ ಅವನನ್ನು ಯಾರೂ ಕೇಳಿಲ್ಲ. ನಿಮ್ಮ ದುಬೈ ಹುಡುಗನನ್ನೇ ತೆಗೆದುಕೊಳ್ಳಿ. ಅವನು ಬಜ್ಪೆಯಲ್ಲಿ ವಿಮಾನ ಇಳಿಯುವ ಮೊದಲೇ ನಾಲ್ಕು ಮನೆಯಲ್ಲಿ ಅವನ ಸಂಬಳ, ಫ್ಲ್ಯಾಟು, ಅಕ್ಕಂದಿರ ಮದುವೆ ಎಲ್ಲ ಚರ್ಚೆಯಾಗಿರುತ್ತದೆ. ಅವನಿಗೆ ಅಮ್ಮನ ಕೈಯ ನೀರುದೋಸೆ ತಿಂದು ನಿದ್ದೆ ಮಾಡಬೇಕು ಅಂತಿರಬಹುದು. ಅದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ನಿಮಗೆ ಅದು ನೇರ ಸತ್ಯದ ಹಾಗೆ ಕಂಡಿದ್ದೇಕೆ ಎಂದರೆ ಆ ಊರಿನವರ ಮಟ್ಟಿಗೆ ಅದು ಸತ್ಯವೇ. ಅವರು ಅದನ್ನು ನಂಬಿ ಬದುಕುತ್ತಿದ್ದಾರೆ, ಆ ನಂಬಿಕೆಯ ಮೇಲೆ ಮಗಳ ಭವಿಷ್ಯ ಇಟ್ಟಿದ್ದಾರೆ. ಲೋಕದ ಮಾತಾಗಿ ಅದು ಸುಳ್ಳು, ಹೆಣ್ಣು ಹೆತ್ತವರ ಮಾತಾಗಿ ಅದು ನಿಜ. ಎರಡೂ ಒಂದೇ ವಾಕ್ಯದಲ್ಲಿವೆ. ಐರನಿ ಅಂದರೆ ಹೇಳಿದ್ದರ ಉಲ್ಟಾ ಅರ್ಥ ಎಂದು ಪರೀಕ್ಷೆಗೆ ಬರೆಸುತ್ತಾರೆ. ಈ ಪುಸ್ತಕಕ್ಕೆ ಆ ವ್ಯಾಖ್ಯೆ ಸಾಲುವುದಿಲ್ಲ. ಉಲ್ಟಾ ಮಾಡಿದರೆ ಏನಾಗುತ್ತದೆ? 'ಶ್ರೀಮಂತನಿಗೆ ಹೆಂಡತಿ ಬೇಡ' ಎಂದಾಗುತ್ತದೆ. ಅದೂ ಸುಳ್ಳೇ. ಕಥೆಯ ಕೊನೆಯಲ್ಲಿ ಇಬ್ಬರು ಶ್ರೀಮಂತರಿಗೂ ಹೆಂಡತಿ ಬೇಕೇ ಆಗುತ್ತದೆ.

ನಮ್ಮ ಭಾಷೆಯಲ್ಲಿ ಇದಕ್ಕೆ ಒಂದು ಪುಟ್ಟ ಸಲಕರಣೆ ಇದೆ. 'ಅಂತೆ'. "ಅವರಿಗೆ ಹುಷಾರಿಲ್ಲ" ಎನ್ನುವುದಕ್ಕೂ "ಅವರಿಗೆ ಹುಷಾರಿಲ್ಲವಂತೆ" ಎನ್ನುವುದಕ್ಕೂ ಎಷ್ಟು ವ್ಯತ್ಯಾಸ! ಎರಡನೆಯದರಲ್ಲಿ ನಾನು ಸುದ್ದಿ ತಲುಪಿಸಿದೆ, ಆದರೆ ಜವಾಬ್ದಾರಿ ಹೊರಲಿಲ್ಲ. ಇಂಗ್ಲಿಷಿನಲ್ಲಿ ಹಾಗೆ ಕೊನೆಗೆ ಅಂಟಿಸಲು ಒಂದು ಪ್ರತ್ಯಯ ಇಲ್ಲ. ಆಸ್ಟಿನ್ ಊರಿನವರ ಮಾತನ್ನು, ಪಾತ್ರಗಳ ಯೋಚನೆಯನ್ನು 'ಅಂತೆ' ಇಲ್ಲದೆ ತನ್ನದೇ ಮಾತಿನ ಹಾಗೆ ಬರೆದುಬಿಡುತ್ತಾರೆ. ಆ ಕಾಣದ 'ಅಂತೆ'ಯನ್ನು ಓದುವವರು ಸೇರಿಸಿಕೊಳ್ಳಬೇಕು. ಕ್ಲಾಸಿನಲ್ಲಿ ಹಾಗೇ ಮಾಡಿಸುತ್ತಿದ್ದೆ. "ಶ್ರೀಮಂತ ಗಂಡಸಿಗೆ ಹೆಂಡತಿಯ ಕೊರತೆ ಇರಲೇಬೇಕಂತೆ" ಎಂದು ಜೋರಾಗಿ ಓದಿಸಿದಾಗ ಹಿಂದಿನ ಬೆಂಚಿನವರಿಗೂ ತಟ್ಟನೆ ಹೊಳೆಯುತ್ತಿತ್ತು.

ತಾಳಮದ್ದಳೆ, ಅಂದರೆ ವೇಷ-ಕುಣಿತ ಇಲ್ಲದೆ ಮಾತಿನಲ್ಲೇ ನಡೆಯುವ ಯಕ್ಷಗಾನ, ಕೇಳಿ ಬೆಳೆದವರಿಗೆ ಇದು ಹೊಸದಲ್ಲ. ಕೃಷ್ಣ ಸಂಧಾನದಲ್ಲಿ ಕೃಷ್ಣ ಹಸ್ತಿನಾವತಿಗೆ ಬಂದು ವಿದುರನ ಮನೆಯಲ್ಲಿ ಉಳಿಯುತ್ತಾನೆ. ಮರುದಿನ ಕೌರವ ಅದನ್ನು ಕೇಳುವಾಗ ಆಡುವ ಮಾತೆಲ್ಲ ಮರ್ಯಾದೆಯದ್ದೇ. ಆದರೆ ಪಾತ್ರದ ಮಾತಾಡುವ ಅರ್ಥಧಾರಿ ಒಂದು ಪದವನ್ನು ಸ್ವಲ್ಪ ಎಳೆದರೆ ಸಾಕು, ಚಾಪೆಯ ಮೇಲೆ ಕೂತ ಅಜ್ಜಂದಿರು ತಲೆಯಾಡಿಸುತ್ತಾರೆ. ದನಿಯ ಆ ತಿರುವಿಗೆ ನಮ್ಮ ಹಿಂದಿನವರು ಕಾಕು ಎಂದು ಹೆಸರಿಟ್ಟಿದ್ದರು. ಪುಸ್ತಕದಲ್ಲಿ ದನಿ ಇಲ್ಲ, ಕಾಗದ ಮಾತ್ರ ಇದೆ. ಅದಕ್ಕೇ ಐರನಿ ತಪ್ಪಿಹೋಗುವುದು ಸಹಜ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಈಗ ನಿಮ್ಮಮ್ಮನ ವಿಷಯ.

ಮಿಸೆಸ್ ಬೆನೆಟ್ ಬಗ್ಗೆ ಲೇಖಕಿ ಮೊದಲ ಅಧ್ಯಾಯದಲ್ಲೇ ಕಠಿಣವಾಗಿ ಬರೆಯುತ್ತಾರೆ. ಬುದ್ಧಿ ಸಣ್ಣದು, ತಿಳಿವಳಿಕೆ ಕಡಿಮೆ, ಸಿಟ್ಟು ಯಾವಾಗ ಬರುತ್ತದೆ ಹೇಳಲಾಗದು ಎನ್ನುತ್ತಾರೆ. ಹೆಣ್ಣುಮಕ್ಕಳ ಮದುವೆ ಮಾಡಿಸುವುದೇ ಅವಳ ಬಾಳಿನ ಕಸುಬು ಎನ್ನುತ್ತಾರೆ. ಇಲ್ಲಿ 'ಅಂತೆ' ಇಲ್ಲ, ಇದು ನೇರ ಮಾತು. ಆದರೆ ಪುಸ್ತಕ ಅಲ್ಲಿಗೆ ನಿಲ್ಲುವುದಿಲ್ಲ. ಅವಳ ಭಯಕ್ಕೆ ಕಾರಣ ಏನು ಎಂದು ಲೆಕ್ಕ ಸಮೇತ ಕೊಡುತ್ತದೆ. ನಿಮ್ಮ ಗೆಳತಿಯರು ಆ ಲೆಕ್ಕವನ್ನು ಹಾರಿಸಿ ಓದಿರಬೇಕು. ತುಂಬ ಜನ ಹಾರಿಸುತ್ತಾರೆ.

ಬೆನೆಟ್ ಮನೆಯ ಆದಾಯ ವರ್ಷಕ್ಕೆ 2,000 ಪೌಂಡ್. ಅದು ಜಮೀನಿನಿಂದ ಬರುವುದು. ಆ ಜಮೀನಿಗೆ ಒಂದು ಕಟ್ಟು ಇದೆ. ಗಂಡು ಮಗ ಇಲ್ಲದಿದ್ದರೆ ಆಸ್ತಿ ಪೂರ್ತಿ ದೂರದ ಗಂಡು ನೆಂಟನಿಗೆ, ಅಂದರೆ ಕಾಲಿನ್ಸ್ ಎಂಬ ಪಾದ್ರಿಗೆ ಹೋಗುತ್ತದೆ. ಮನೆಯಲ್ಲಿ ಐದು ಹೆಣ್ಣು. ತಂದೆ ಕಣ್ಣುಮುಚ್ಚಿದ ದಿನ ಆರು ಹೆಂಗಸರು ಮನೆ ಬಿಡಬೇಕು. ಅವರಿಗೆಂದು ಇರುವ ಇಡುಗಂಟು 5,000 ಪೌಂಡ್. ಶೇಕಡ 4ರ ಬಡ್ಡಿ ಹಿಡಿದರೆ ವರ್ಷಕ್ಕೆ 200. ಎರಡು ಸಾವಿರದಲ್ಲಿ ನಡೆದ ಸಂಸಾರ ಅದರ ಹತ್ತರಲ್ಲೊಂದು ಪಾಲಿನಲ್ಲಿ, ಬಾಡಿಗೆ ಮನೆಯಲ್ಲಿ ನಡೆಯಬೇಕು. ಆ ವರ್ಗದ ಹುಡುಗಿಯರಿಗೆ ಮರ್ಯಾದೆ ಉಳಿಸಿಕೊಂಡು ಮಾಡಬಹುದಾದ ಕೆಲಸವೇ ಹೆಚ್ಚುಕಮ್ಮಿ ಇರಲಿಲ್ಲ. ಬೇರೆಯವರ ಮಕ್ಕಳಿಗೆ ಮನೆಪಾಠ ಹೇಳುವ ಗವರ್ನೆಸ್ ಆಗಬಹುದಿತ್ತು, ಅಷ್ಟೆ.

ಒಮ್ಮೆ ಈ ಭಾಗ ಪಾಠ ಮಾಡುವಾಗ ಒಬ್ಬಳು ಹುಡುಗಿ ಎದ್ದು ನಿಂತಳು. ಅವರದ್ದು ಹಳೆಯ ಅಳಿಯಕಟ್ಟಿನ ಕುಟುಂಬ. "ಮೇಡಂ, ಐದು ಹೆಣ್ಣು ಹುಟ್ಟಿದ್ದಕ್ಕೆ ಇವರಿಗೆ ಯಾಕೆ ದುಃಖ? ನಮ್ಮ ಅಜ್ಜಿಯ ಕಾಲದಲ್ಲಿ ಹೆಣ್ಣು ಹುಟ್ಟದಿದ್ದರೆ ಮನೆಯೇ ನಿಂತುಹೋಗುತ್ತಿತ್ತು" ಎಂದಳು. ಕ್ಲಾಸು ಒಂದು ಕ್ಷಣ ಸುಮ್ಮನಾಯಿತು. ಅವಳು ಹೇಳಿದ್ದು ನಿಜ. ತುಳುನಾಡಿನ ಹಲವು ಸಮುದಾಯಗಳಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತಿತ್ತು. ಮಾವನ ನಂತರ ಅಳಿಯ, ಅಂದರೆ ಅವನ ಸೋದರಿಯ ಮಗ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಆ ಕಟ್ಟು ಸಡಿಲವಾಯಿತು. ಬೆನೆಟ್ ಮನೆಯನ್ನು ಹಾಗೇ ಎತ್ತಿ ನೂರೈವತ್ತು ವರ್ಷ ಹಿಂದಿನ ಕಾಪುವಿನಲ್ಲೋ ಮೂಲ್ಕಿಯಲ್ಲೋ ಒಂದು ಅಳಿಯಕಟ್ಟಿನ ಮನೆಯೊಳಗೆ ಇಟ್ಟರೆ, ಐದು ಹೆಣ್ಣು ಹೆತ್ತ ಮಿಸೆಸ್ ಬೆನೆಟ್ ತಲೆ ಎತ್ತಿ ನಡೆಯುತ್ತಿದ್ದಳು. ಆ ಪೆದ್ದುತನದಲ್ಲಿ ಅರ್ಧ ಸ್ವಭಾವದ್ದು, ಅರ್ಧ ಕಾನೂನಿನದ್ದು ಎಂದು ನಾನು ನಂಬುತ್ತೇನೆ.

ಇನ್ನು ಅಪ್ಪ. ಮಿಸ್ಟರ್ ಬೆನೆಟ್ ಎಲ್ಲರಿಗೂ ಇಷ್ಟ. ಅವನ ಮಾತು ಚುರುಕು. ಹೆಂಡತಿ ನರಗಳ ತೊಂದರೆ ಹೇಳಿಕೊಂಡಾಗ, ಅವು ನನ್ನ ಹಳೆಯ ಸ್ನೇಹಿತರು, 20 ವರ್ಷದಿಂದ ಅವುಗಳ ಸುದ್ದಿ ಕೇಳುತ್ತಿದ್ದೇನೆ ಎನ್ನುತ್ತಾನೆ. ನಗು ಬರುತ್ತದೆ, ನನಗೂ ಬಂದಿದೆ. ಆದರೆ ಮುಂದೆ 50ನೇ ಅಧ್ಯಾಯದಲ್ಲಿ ಸತ್ಯ ಹೊರಬೀಳುತ್ತದೆ. ಗಂಡು ಹುಟ್ಟಿಯೇ ಹುಟ್ಟುತ್ತಾನೆ, ಅವನು ದೊಡ್ಡವನಾಗಿ ಆ ಕಟ್ಟು ಬಿಡಿಸುತ್ತಾನೆ ಎಂದುಕೊಂಡು ಈ ಮನುಷ್ಯ ಒಂದು ಕಾಸೂ ಉಳಿಸಲಿಲ್ಲ. ಮಗ ಹುಟ್ಟುವುದಿಲ್ಲ ಎಂದು ಗೊತ್ತಾದಾಗ ಉಳಿಸುವ ಕಾಲ ದಾಟಿತ್ತು. ಕೊನೆಯ ಮಗಳು ಲಿಡಿಯಾಳನ್ನು ಸೈನಿಕರು ಬೀಡುಬಿಟ್ಟಿದ್ದ ಬ್ರೈಟನ್‌ಗೆ ಕಳಿಸಬೇಡಿ ಎಂದು ಎರಡನೇ ಮಗಳು, ಕಥೆಯ ನಾಯಕಿ ಎಲಿಜಬೆತ್ ಬೇಡಿಕೊಳ್ಳುತ್ತಾಳೆ. ಅವಳನ್ನು ಕಳಿಸದಿದ್ದರೆ ಮನೆಯಲ್ಲಿ ನೆಮ್ಮದಿ ಇರುವುದಿಲ್ಲ ಎಂದು ಅಪ್ಪ ಕಳಿಸಿಬಿಡುತ್ತಾನೆ. ಅಲ್ಲಿಂದ ಲಿಡಿಯಾ ವಿಕಮ್ ಎಂಬ ಸೈನ್ಯಾಧಿಕಾರಿಯ ಜೊತೆ ಓಡಿಹೋಗುತ್ತಾಳೆ.

ಯಾರನ್ನು ನೋಡಿ ನಗುತ್ತೇವೋ ಅವಳಿಗೆ ಮಕ್ಕಳ ಚಿಂತೆ ಇತ್ತು. ಯಾರ ಜೊತೆ ಸೇರಿ ನಗುತ್ತೇವೋ ಅವನಿಗೆ ಇರಲಿಲ್ಲ. ಈ ಕಾದಂಬರಿಯಲ್ಲಿ ನನಗೆ ಅತಿ ಆಳವಾಗಿ ಕಾಣುವ ಐರನಿ ಇದು. ಇದನ್ನು ಪಾಠ ಮಾಡುವಾಗ ಪ್ರತಿ ಸಲ ಗಂಟಲು ಕಟ್ಟುತ್ತಿತ್ತು. ನಿಮ್ಮ ಗೆಳತಿಯರು ಮಿಸ್ಟರ್ ಬೆನೆಟ್ ಪಕ್ಕದ ಕುರ್ಚಿಯಲ್ಲಿ ಕೂತು ಪುಸ್ತಕ ಓದಿದ್ದಾರೆ. ಆ ಕುರ್ಚಿ ಆರಾಮಾಗಿದೆ. ಲೇಖಕಿ ಬೇಕೆಂದೇ ಅಲ್ಲಿ ಕೂರಿಸುತ್ತಾರೆ, ಆಮೇಲೆ ಕುರ್ಚಿ ಎಳೆಯುತ್ತಾರೆ.

ಹಾಗಂತ ತಾಯಿಯದ್ದು ಪೂರ್ತಿ ಸರಿ ಎನ್ನಬೇಡಿ. ಊರಿಗೆ ಹೊಸದಾಗಿ ಬಂದ ಶ್ರೀಮಂತ ಬಿಂಗ್ಲಿ, ಅವನ ಗೆಳೆಯ ಡಾರ್ಸಿ. ನೃತ್ಯಕೂಟದ ರಾತ್ರಿ, ಡಾರ್ಸಿ ಎದುರಿಗೇ ಕೂತಿರುವಾಗ, ಬಿಂಗ್ಲಿ ನಮ್ಮ ದೊಡ್ಡ ಮಗಳು ಜೇನ್‌ಳನ್ನು ಮದುವೆಯಾಗಿಯೇ ಆಗುತ್ತಾನೆ ಎಂದು ಜೋರಾಗಿ ಹೇಳಿಕೊಂಡವಳು ಅವಳೇ. ಆಗಬೇಕಾಗಿದ್ದ ಸಂಬಂಧ ಮುರಿಯುವುದಕ್ಕೆ ಅದೂ ಒಂದು ಕಾರಣವಾಯಿತು. ಅವಳ ಭಯ ಸರಿ, ದಾರಿ ತಪ್ಪು. ನಿಮಗೆ ಇದು ಮನೆಯಲ್ಲಿ ಗೊತ್ತಿರುವ ವಿಷಯವೇ ಇರಬಹುದು.

ಶಾರ್ಲೆಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ನಿಮ್ಮ ಜಗಳದ ನಿಜವಾದ ಜಾಗ ಅದೇ.

ಅವಳಿಗೂ 27. ರೂಪ ಇಲ್ಲ, ಹಣ ಇಲ್ಲ. ಕಾಲಿನ್ಸ್ ಮೊದಲು ಎಲಿಜಬೆತ್‌ಳನ್ನು ಮದುವೆಗೆ ಕೇಳಿ, ಅವಳು ಒಲ್ಲೆ ಎಂದ ಮೇಲೆ, ಮೂರೇ ದಿನದೊಳಗೆ ಶಾರ್ಲೆಟ್‌ಳನ್ನು ಕೇಳುತ್ತಾನೆ. ಅವಳು ಒಪ್ಪುತ್ತಾಳೆ. 22ನೇ ಅಧ್ಯಾಯ ತೆಗೆದು ಅವಳ ಮನೆಯವರ ಸಂಭ್ರಮ ನೋಡಿ. ತಾಯಿ ಲೇಡಿ ಲೂಕಸ್ ಕೂತು ಮಿಸ್ಟರ್ ಬೆನೆಟ್ ಇನ್ನೆಷ್ಟು ವರ್ಷ ಬದುಕಬಹುದು ಎಂದು ಲೆಕ್ಕ ಹಾಕುತ್ತಾಳೆ. ತಂಗಿಯರಿಗೆ, ಅಕ್ಕ ದಾರಿ ಬಿಟ್ಟಳು, ನಮ್ಮ ಸರದಿ ಒಂದೆರಡು ವರ್ಷ ಬೇಗ ಬರುತ್ತದೆ ಎಂಬ ಆಸೆ. ತಮ್ಮಂದಿರಿಗೆ, ಅಕ್ಕ ಮದುವೆಯಾಗದೆ ಉಳಿಯುತ್ತಾಳೆ ಎಂಬ ಹೆದರಿಕೆ ಹೋಯಿತು. ಆ ಮನೆಯಲ್ಲಿ ಶಾರ್ಲೆಟ್ ಎಷ್ಟು ಭಾರವಾಗಿದ್ದಳು ಎಂದು ಈ ಮೂರು ಸಾಲಿನಲ್ಲಿ ಗೊತ್ತಾಗುತ್ತದೆ. ಆಮೇಲೆ ಬರುವ ಮಾತು ಇದು. ಓದಿದ, ಆದರೆ ಹಣವಿಲ್ಲದ ಹುಡುಗಿಯರಿಗೆ ಮದುವೆಯೊಂದೇ ಮರ್ಯಾದೆಯ ಆಸರೆ. ಸುಖ ಕೊಡುತ್ತದೋ ಇಲ್ಲವೋ, ಬಡತನದಿಂದ ಕಾಪಾಡುತ್ತದೆ. ಇಲ್ಲಿ 'ಅಂತೆ' ಹಾಕಿ ನೋಡಿ. ಕೂರುವುದಿಲ್ಲ. ಆ ವಾಕ್ಯದಲ್ಲಿ ಗೇಲಿ ಇಲ್ಲ, ದುಃಖ ಇದೆ.

ಎಲಿಜಬೆತ್ ಗೆಳತಿಯನ್ನು ಕ್ಷಮಿಸುವುದಿಲ್ಲ. ನಿಮ್ಮ ಗೆಳತಿಯರ ಹಾಗೇ ಮಾತಾಡುತ್ತಾಳೆ. ಆದರೆ ಸ್ವಲ್ಪ ಮುಂದೆ ಹೋಗಿ. 26ನೇ ಅಧ್ಯಾಯದಲ್ಲಿ ಅವಳು ಮೆಚ್ಚಿದ ವಿಕಮ್ ಅವಳನ್ನು ಬಿಟ್ಟು, ಅಚಾನಕ್ಕಾಗಿ 10,000 ಪೌಂಡ್ ಬಂದ ಮಿಸ್ ಕಿಂಗ್ ಹಿಂದೆ ಹೋಗುತ್ತಾನೆ. ಆಗ ಎಲಿಜಬೆತ್‌ಗೆ ಅದು ತಪ್ಪಾಗಿ ಕಾಣುವುದಿಲ್ಲ. ಚಂದದ ಹುಡುಗರಿಗೂ ಬದುಕಲು ಏನಾದರೂ ಬೇಕಲ್ಲ ಎಂದುಕೊಳ್ಳುತ್ತಾಳೆ. ಶಾರ್ಲೆಟ್ ವಿಷಯದಲ್ಲಿ ಇದ್ದಷ್ಟು ಚುರುಕು ಕಣ್ಣು ಇಲ್ಲಿ ಅವಳಿಗೆ ಇರಲಿಲ್ಲವೇನೋ ಎಂದು ಲೇಖಕಿ ಒಂದೇ ಒಂದು ಮಾತು ಸೇರಿಸಿ ಸುಮ್ಮನಾಗುತ್ತಾರೆ. ಹಣಕ್ಕಾಗಿ ಮದುವೆ ಎಂಬ ಒಂದೇ ಕೆಲಸ ಹೆಣ್ಣು ಮಾಡಿದರೆ ಅವಮಾನ, ಚಂದದ ಗಂಡು ಮಾಡಿದರೆ ಜಾಣತನ. ನಮ್ಮ ನಾಯಕಿಯ ತಪ್ಪನ್ನು ಲೇಖಕಿ ಎಷ್ಟು ಮೆತ್ತಗೆ ತೋರಿಸಿದ್ದಾರೆ ನೋಡಿ. ಮುಂದಿನ ಸಲ ಸೇರಿದಾಗ ಈ ಎರಡು ಪುಟಗಳನ್ನು ಒಟ್ಟಿಗೆ ಇಟ್ಟು ಓದಿ. ನೀವು ಶಾರ್ಲೆಟ್ ಪರ ವಾದ ಮಾಡಬೇಕಾದ ಅಗತ್ಯವೇ ಬರುವುದಿಲ್ಲ.

ಆದರೆ ನಿಮಗೂ ಒಂದು ಎಚ್ಚರಿಕೆ ಹೇಳಬೇಕು. ಶಾರ್ಲೆಟ್ ಮಾಡಿದ್ದು ಸರಿ ಎಂದು ಪುಸ್ತಕ ಹೇಳಿದೆ ಎಂದುಕೊಂಡರೆ ಅದೂ ತಪ್ಪು ಓದೇ. ಮದುವೆಯಾದ ಮೇಲೆ ಎಲಿಜಬೆತ್ ಅವಳ ಮನೆಗೆ ಹೋಗುತ್ತಾಳೆ. ಚೊಕ್ಕ ಮನೆ. ಶಾರ್ಲೆಟ್ ದಿನವಿಡೀ ಕೂರಲು ಹಿಂಬದಿಯ ಕೋಣೆ ಆರಿಸಿಕೊಂಡಿದ್ದಾಳೆ. ಮುಂದಿನ ಕೋಣೆಯೇ ದೊಡ್ಡದು, ಚಂದದ್ದು. ಹಾಗಿದ್ದೂ ಯಾಕೆ ಎಂದು ಎಲಿಜಬೆತ್‌ಗೆ ಮೊದಲು ಆಶ್ಚರ್ಯ. ಆಮೇಲೆ ಹೊಳೆಯುತ್ತದೆ. ಅಷ್ಟೇ ಚಂದದ ಕೋಣೆಯಲ್ಲಿ ಹೆಂಡತಿ ಕೂತರೆ ಗಂಡ ತನ್ನ ಕೋಣೆ ಬಿಟ್ಟು ಅವಳ ಹತ್ತಿರ ಬಂದು ಕೂರುವುದು ಜಾಸ್ತಿಯಾಗುತ್ತದೆ! ತೋಟದ ಕೆಲಸ ಆರೋಗ್ಯಕ್ಕೆ ಒಳ್ಳೆಯದು ಎಂದು ಗಂಡನನ್ನು ಅವಳೇ ಹುರಿದುಂಬಿಸಿ ಹೊರಗೆ ಕಳಿಸುತ್ತಾಳೆ. ಅವನು ಪೆದ್ದು ಮಾತಾಡಿದಾಗ ಜಾಣತನದಿಂದ ಕೇಳಿಸಿಕೊಳ್ಳುವುದಿಲ್ಲ. ಕಾಲಿನ್ಸ್‌ನನ್ನು ಮರೆಯಲು ಸಾಧ್ಯವಾದಾಗ ಮನೆ ನಿಜಕ್ಕೂ ಹಿತವಾಗಿತ್ತು, ಅವನು ಆಗಾಗ ಮರೆತುಹೋಗುತ್ತಿರಬೇಕು ಎಂದು ಎಲಿಜಬೆತ್‌ಗೆ ಅನ್ನಿಸುತ್ತದೆ. ಸೂರು ಸಿಕ್ಕಿತು. ಅದರ ಬೆಲೆ ಇಷ್ಟು. ಕೊಡಬಹುದಾ ಬೇಡವಾ ಎಂದು ಲೇಖಕಿ ತೀರ್ಪು ಕೊಡುವುದಿಲ್ಲ. ನಾನೂ ಕ್ಲಾಸಿನಲ್ಲಿ ಕೊಡುತ್ತಿರಲಿಲ್ಲ.

ಆಸ್ಟಿನ್ ಅವರಿಗೆ ಈ ಪ್ರಶ್ನೆ ಬರೀ ಬೇರೆಯವರ ಕಥೆಯಾಗಿರಲಿಲ್ಲ. 1802ರ ಡಿಸೆಂಬರಿನಲ್ಲಿ, 27 ತುಂಬಲು ಎರಡು ವಾರ ಇರುವಾಗ, ದೊಡ್ಡ ಜಮೀನಿನ ವಾರಸುದಾರನೊಬ್ಬ ಅವರನ್ನು ಮದುವೆಗೆ ಕೇಳಿದ. ಸಂಜೆ ಒಪ್ಪಿದರು. ಬೆಳಿಗ್ಗೆ ಎದ್ದು ಬೇಡ ಎಂದರು. ಮುಂದೆ ಮದುವೆಯಾಗಲೇ ಇಲ್ಲ. ಅಣ್ಣನ ಮಗಳಿಗೆ 1814ರಲ್ಲಿ ಬರೆದ ಪತ್ರದಲ್ಲಿ, ಪ್ರೀತಿ ಇಲ್ಲದೆ ಮದುವೆಯಾಗುವುದಕ್ಕಿಂತ ಬೇರೆ ಏನನ್ನಾದರೂ ಸಹಿಸಬಹುದು ಎಂದರು. ಅದೇ ಹುಡುಗಿಗೆ 1817ರಲ್ಲಿ, ಒಂಟಿ ಹೆಂಗಸರು ಬಡವರಾಗುವುದು ಭಯಂಕರ ಜಾಸ್ತಿ, ಮದುವೆಯ ಪರವಾಗಿ ಅದೊಂದು ಬಲವಾದ ವಾದ ಎಂದು ಬರೆದರು. ಎರಡೂ ಮನಸ್ಸಿನಿಂದ ಬಂದ ಮಾತು. ಈ ಕಾದಂಬರಿಯ ಮೊದಲ ಕರಡು ಬರೆದದ್ದು 1796-97ರಲ್ಲಿ, ಆಗ ಅವರಿಗೆ ಎಲಿಜಬೆತ್‌ಳದೇ ವಯಸ್ಸು. ಒಬ್ಬ ಪ್ರಕಾಶಕ ಹಸ್ತಪ್ರತಿಯನ್ನು ನೋಡುವುದಕ್ಕೂ ಒಪ್ಪಲಿಲ್ಲ. ಅದನ್ನು ಕತ್ತರಿಸಿ ತಿದ್ದಿ 1813ರಲ್ಲಿ ಅಚ್ಚಿಗೆ ಬಂದಾಗ 37. ಹಕ್ಕು ಮಾರಿ ಸಿಕ್ಕಿದ್ದು 110 ಪೌಂಡ್, ಪುಸ್ತಕದ ಮೇಲೆ ಹೆಸರೂ ಇರಲಿಲ್ಲ. ಎಲಿಜಬೆತ್ ವಯಸ್ಸಿನಲ್ಲಿ ಬರೆದು, ಶಾರ್ಲೆಟ್ ವಯಸ್ಸು ದಾಟಿದ ಮೇಲೆ ತಿದ್ದಿದ ಪುಸ್ತಕ. ಇಬ್ಬರ ಮಾತಿಗೂ ಅದರಲ್ಲಿ ಅಷ್ಟು ತೂಕ ಬಂದದ್ದು ಇದರಿಂದಲೇ ಎಂದು ನನಗೆ ಅನ್ನಿಸುತ್ತದೆ.

"ನಿನಗೆ ಐರನಿ ಅರ್ಥ ಆಗುವುದಿಲ್ಲ" ಎಂಬ ಮಾತಿಗೆ ಒಂದೇ ಉತ್ತರ. ಈ ಪುಸ್ತಕದಲ್ಲಿ ಐರನಿ ಚೆನ್ನಾಗಿ ಅರ್ಥವಾಗುವವಳು ಎಲಿಜಬೆತ್. ಎಲ್ಲರ ಪೊಳ್ಳುತನ ಅವಳಿಗೆ ಕಾಣುತ್ತದೆ. ಆದರೂ ಡಾರ್ಸಿಯ ಬಗ್ಗೆ ವಿಕಮ್ ಹೇಳಿದ ಸುಳ್ಳನ್ನು ಪೂರ್ತಿ ನಂಬುತ್ತಾಳೆ. ಅವನು ನಗುನಗುತ್ತಾ ಮಾತಾಡಿದ, ಡಾರ್ಸಿ ಮೊದಲ ದಿನವೇ ಅವಮಾನ ಮಾಡಿದ, ಅಷ್ಟೇ ಕಾರಣ. ಅವಳ ಜೊತೆ ಓದುವ ನಾವೂ ನಂಬುತ್ತೇವೆ. 36ನೇ ಅಧ್ಯಾಯದಲ್ಲಿ, ಆ ಸುಳ್ಳನ್ನು ಬಯಲು ಮಾಡುವ ಡಾರ್ಸಿಯ ಪತ್ರವನ್ನು ಮತ್ತೆ ಮತ್ತೆ ಓದಿ, ಈ ಕ್ಷಣದವರೆಗೆ ನನಗೆ ನನ್ನ ಪರಿಚಯವೇ ಇರಲಿಲ್ಲ ಎನ್ನುತ್ತಾಳೆ. ಐರನಿ ಬಲ್ಲವರಿಗೆ ಮೋಸವಾಗುವುದಿಲ್ಲ ಎಂಬುದು ನಿಜವಾಗಿದ್ದರೆ ಈ ಕಾದಂಬರಿಯೇ ಇರುತ್ತಿರಲಿಲ್ಲ.

ಮತ್ತೊಮ್ಮೆ ಓದುವ ವಿಷಯಕ್ಕೆ ಬರುತ್ತೇನೆ. ಸಿನಿಮಾ ಮೊದಲು ನೋಡಬೇಡಿ. ಅದು ಚೆನ್ನಾಗಿಲ್ಲ ಅಂತಲ್ಲ. ಕಥೆ ಹೇಳುವವಳ ದನಿ ತೆರೆಯ ಮೇಲೆ ಬರುವುದು ಕಷ್ಟ, ಐರನಿಯ ದೊಡ್ಡ ಪಾಲು ಇರುವುದು ಆ ದನಿಯಲ್ಲೇ. ಅದು ಹೋದರೆ ಉಳಿಯುವುದು ಒಂದು ಪ್ರೇಮಕಥೆ ಮತ್ತು ಒಬ್ಬಳು ಕಿರಿಚಾಡುವ ತಾಯಿ. ನಿಮಗೆ ನೋವಾದದ್ದು ಆ ತಾಯಿಯನ್ನು ನೋಡಿಯೇ ಅಲ್ವಾ? ಓದಿ ಮುಗಿಸಿದ ಮೇಲೆ ಖಂಡಿತ ನೋಡಿ. ಟಿಪ್ಪಣಿ ಇರುವ ಪ್ರತಿಯಿಂದ ಹಣಕಾಸು, ಕಾನೂನು, ಕುದುರೆಗಾಡಿ ಇವೆಲ್ಲ ಅರ್ಥವಾಗುತ್ತವೆ. ಅದಕ್ಕೆ ಮಾತ್ರ ಬಳಸಿ. ಇಲ್ಲಿ ಐರನಿ ಇದೆ ಎಂದು ಬೆರಳು ತೋರಿಸುವ ಟಿಪ್ಪಣಿ ಓದಿ ಅಭ್ಯಾಸವಾದರೆ, ಟಿಪ್ಪಣಿ ಇಲ್ಲದ ಕಡೆ ಕಿವಿ ಮುಚ್ಚಿಹೋಗುತ್ತದೆ. ನನ್ನ ವಿದ್ಯಾರ್ಥಿಗಳಲ್ಲಿ ಅದನ್ನು ಕಣ್ಣಾರೆ ಕಂಡಿದ್ದೇನೆ. ಅನುವಾದದಲ್ಲಿ ಓದುವುದಾದರೆ ತೊಂದರೆ ಇಲ್ಲ, ಆದರೆ ಮೊದಲ ಎರಡು ವಾಕ್ಯಗಳನ್ನು ಮೂಲದ ಜೊತೆ ಹೋಲಿಸಿ. ಅನುವಾದಕರು ಅಲ್ಲೇ 'ಅಂತೆ' ಸೇರಿಸಿ ಕೊಟ್ಟಿದ್ದರೆ ನಿಮ್ಮ ಕೆಲಸ ಅವರೇ ಮಾಡಿದ ಹಾಗಾಯಿತು.

ನಾನು ಸೂಚಿಸುವುದು ಗಟ್ಟಿಯಾಗಿ ಓದುವುದನ್ನು. ಎಂಟು ಜನ ಇದ್ದೀರಿ. ದಿನಕ್ಕೊಂದು ಅಧ್ಯಾಯವೂ ಬೇಡ, ಸೇರಿದಾಗ ಎರಡು ಪುಟ ಸಾಕು. ಒಂದೇ ಪುಟವನ್ನು ಇಬ್ಬರು ಬೇರೆ ಬೇರೆ ದನಿಯಲ್ಲಿ ಓದಲಿ. ಒಬ್ಬರೇ ಓದಿದರೆ ಅವರ ದನಿಯೇ ಎಲ್ಲರ ತೀರ್ಮಾನವಾಗಿಬಿಡುವ ಅಪಾಯ ಇದೆ. 'ಅಂತೆ' ಪ್ರಯೋಗವನ್ನೂ ಮಾಡಿ, ಹಿತಮಿತವಾಗಿ. ಎಲ್ಲ ವಾಕ್ಯಕ್ಕೂ ಅಂಟಿಸಿದರೆ ಲೇಖಕಿ ಮನಸಾರೆ ಹೇಳಿದ ಮಾತೂ ಸುಳ್ಳಾಗಿ ಕೇಳಿಸುತ್ತದೆ. ಇದಾದ ಮೇಲೆ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ತೆಗೆದುಕೊಳ್ಳಬಹುದು. 1899ರಲ್ಲಿ ನಮ್ಮ ಮಂಗಳೂರಿನಲ್ಲೇ ಅಚ್ಚಾದದ್ದು, ವಿಧವೆ ಹುಡುಗಿಯ ಮರುಮದುವೆಯ ಕಥೆ. ಅಲ್ಲಿ ಲೇಖಕರು ತಮ್ಮ ಪಕ್ಷ ಯಾವುದು ಎಂದು ಮುಚ್ಚಿಡದೆ ಹೇಳುತ್ತಾರೆ. ಆ ನೇರ ದನಿಯ ಪಕ್ಕದಲ್ಲಿ ಆಸ್ಟಿನ್ ಅವರ ದನಿ ಇನ್ನೂ ಸ್ಪಷ್ಟವಾಗಿ ಕೇಳುತ್ತದೆ.

ಗಟ್ಟಿಯಾಗಿ ಓದಲು 22ನೇ ಅಧ್ಯಾಯದಿಂದ ಶುರು ಮಾಡಿ. ಅಲ್ಲಿ ಶಾರ್ಲೆಟ್ ಮಹಡಿಯ ಕಿಟಕಿಯಲ್ಲಿ ನಿಂತಿದ್ದಾಳೆ. ಕಾಲಿನ್ಸ್ ಮನೆಯ ಕಡೆಗೆ ನಡೆದು ಬರುವುದು ಕಾಣುತ್ತದೆ. ಕೂಡಲೇ ಇಳಿದು ಹೊರಡುತ್ತಾಳೆ, ಓಣಿಯಲ್ಲಿ ಅವನಿಗೆ 'ಆಕಸ್ಮಿಕವಾಗಿ' ಎದುರಾಗುವುದಕ್ಕೆ. ಆ ಒಂದು ಪದವನ್ನು ಮೊದಲು ಒಬ್ಬಳು ನಗುತ್ತಾ ಓದಲಿ. ಆಮೇಲೆ ನೀವು ಓದಿ, ನಿಮಗೆ ಕೇಳಿಸಿದ ಹಾಗೆ.